ಮುಕರ್ರಮನ ಮೌಸು, ಮುದುಕಮ್ಮನ ಕೈ

ಮುಕರ್ರಂ ಎಂಬ ಹೆಸರು ಮುದುಕಮ್ಮನ ಕಿವಿಗೆ ಮೊದಲು ಬಿದ್ದದ್ದು ದೇವದುರ್ಗದ ಫೋಟೋ ಸ್ಟುಡಿಯೋದಲ್ಲಿ, ಅದೂ ಹೊಟ್ಟೆಕಿಚ್ಚಿನ ಬಾಯಿಂದ.

“ಈ ಕೈ ತೆಗಿಯೋದು ನನ್ನಿಂದ ಆಗಂಗಿಲ್ಲ ಯವ್ವಾ” ಎಂದು ಸ್ಟುಡಿಯೋದವನು ಫೋಟೋ ವಾಪಸು ಕೊಟ್ಟ. “ಮಾನ್ವಿಯಾಗ ಒಬ್ಬವ ಅದಾನ, ಮುಕರ್ರಂ ಅಂತ. ಒಂದೂವರಿ ಕೈಯವ. ಮದುವಿ ಬ್ಯಾನರು, ಸತ್ತವರ ಬ್ಯಾನರು, ಎಲ್ಲಾ ಅವನ ಕಡಿಗೇ ಓಡ್ತಾವು. ನೀನೂ ಓಡು.”

“ಒಂದೂವರಿ ಕೈಯಂದ್ರ ಹೆಂಗಪ್ಪಾ?”

“ಹೋಗಿ ನೋಡು. ಬಸ್ಸಂತೂ ನಿಮಗ ಪುಕ್ಕಟೆ ಅದ.”

ತೆಗೆಯಬೇಕಾಗಿದ್ದ ಕೈ ಮುದುಕಮ್ಮನದೇ. ಅವಳ ಗಂಡ ಗದ್ದೆಪ್ಪ ದೇವದುರ್ಗದ ಓಣಿಗಳಿಗೆ ನೀರು ಬಿಡುವ ಕೆಲಸದಲ್ಲಿದ್ದ. ಉದ್ದನೆಯ ಕಬ್ಬಿಣದ ಚಾವಿ ಹೆಗಲ ಮೇಲಿಟ್ಟುಕೊಂಡು ಅವನು ಬರುವುದನ್ನು ಹೆಂಗಸರು ಕೊಡ ಹಿಡಿದು ಕಾಯುತ್ತಿದ್ದರು. ಅಷ್ಟು ಮಂದಿ ದಾರಿ ಕಾದವನ ಫೋಟೋ, ಅವನು ಹೋದ ಮೇಲೆ ಹುಡುಕಿದರೆ, ಮನೆಯಲ್ಲಿ ಎರಡೇ. ಒಂದು ಆಧಾರ್ ಕಾರ್ಡಿನದು. ಅದರಲ್ಲಿ ಅವನು ಆಗಷ್ಟೇ ಸಿಕ್ಕಿಬಿದ್ದ ಕಳ್ಳನ ಹಾಗೆ ಕಾಣುತ್ತಿದ್ದ. ಇನ್ನೊಂದು ಕಲ್ಲೂರಿನಲ್ಲಿ, ಅವಳ ತಂಗಿಯ ಮಗಳ ಮದುವೆಯಲ್ಲಿ ತೆಗೆದದ್ದು. “ಕಾಕಾ, ಕಾಕೂ, ನಡುವ ಎತ್ತಿನ ಬಂಡಿ ಹೋಗೂವಷ್ಟು ಜಾಗ ಬಿಟ್ಟೀರಿ. ಸನೇಕ ಬರ್ರಿ. ಕಾಕೂ, ತೋಳು ಹಿಡೀರಿ” ಎಂದು ಫೋಟೋದವನು ಎಲ್ಲರೆದುರಿಗೆ ಅಂದಿದ್ದ. ಚಪ್ಪರದಲ್ಲಿದ್ದವರು ನಕ್ಕರು. ನಾಚಿಕೆಯಿಂದಲೇ ಅವಳು ಗಂಡನ ತೋಳು ಹಿಡಿದಳು. ಮದುವೆಗೆಂದು ಹೊಸದಾಗಿ ಇಡಿಸಿಕೊಂಡಿದ್ದ ಹಸಿರು ಬಳೆ ಕೈತುಂಬ. ಗದ್ದೆಪ್ಪನ ಮೀಸೆಯ ಕೆಳಗೆ ನಗು ಸಣ್ಣಗೆ ಇಣುಕಿದ್ದು ಆ ಗಳಿಗೆಯಲ್ಲಿ. ಅವನು ಹಾಗೆ ನಕ್ಕ ಫೋಟೋ ಬೇರೆ ಇಲ್ಲ.

ಅವನ ವರ್ಷದ ಎಡೆಗೆ ಆ ಫೋಟೋಕ್ಕೆ ಕಟ್ಟು ಹಾಕಿಸಬೇಕಿತ್ತು. ಮೈದುನ ಹಂಪಯ್ಯ ಖಡಾಖಂಡಿತ ಹೇಳಿದ್ದ: “ವೈನಿ, ಸತ್ತವರ ಫೋಟೋದಾಗ ಬದುಕಿದ್ದವರ ಒಂದು ಉಗುರೂ ಇರಬಾರ್ದು. ಮಾಲಿ ಹಾಕಿದ್ರ ಇಬ್ಬರಿಗೂ ಹಾಕಿದಂಗ. ನಿನ್ನನ್ನ ಪೂರಾ ತೆಗಿಸಿದ್ರಷ್ಟ ನಾ ಗ್ವಾಡಿಗೆ ಮೊಳಿ ಹೊಡಿತೀನಿ.”

ಹಾಗಾಗಿ ಅವಳು ಮಾನ್ವಿಯ ಬಸ್ಸು ಹತ್ತಿದಳು.

ಅಂಗಡಿ ಬಸ್‌ಸ್ಟ್ಯಾಂಡಿನ ಆಚೆಗಿನ ಸಾಲಿನಲ್ಲಿ, ಪಂಕ್ಚರ್ ಅಂಗಡಿಗೂ ಚಹಾದಂಗಡಿಗೂ ನಡುವೆ ಸಿಕ್ಕಿಕೊಂಡಂತಿತ್ತು. ಒಂದು ಮೇಜು, ಒಂದು ಕಂಪ್ಯೂಟರು, ಗಿರಾಕಿಗೆ ಒಂದು ಬೆಂಚು. ಹಿಂದೆ ಬಟ್ಟೆಯ ಪರದೆ, ಪರದೆಯ ಹಿಂದೆ ಅವನ ಮಂಚ, ಅವನ ಸ್ಟೌವು. ಮುಕರ್ರಂ ಐವತ್ತರ ಹತ್ತಿರದ ತೆಳ್ಳನೆಯ ಮನುಷ್ಯ, ಗಡ್ಡದಲ್ಲಿ ಅಲ್ಲಲ್ಲಿ ಬೆಳ್ಳಿ. ಎಡಗೈಯನ್ನು ಅಂಗಿಯ ಜೇಬಿಗೆ ಇಳಿಬಿಟ್ಟುಕೊಂಡೇ ಮಾತಾಡುತ್ತಿದ್ದ. ಫೋಟೋ ತೆಗೆದುಕೊಳ್ಳಲು ಆ ಕೈ ಹೊರಗೆ ಬಂದಾಗ ಅವಳು ನೋಡಿದಳು. ಹೆಬ್ಬೆರಳು, ಕಿರುಬೆರಳು. ನಡುವಿನ ಮೂರು ಇಲ್ಲ. ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಮೀಸೆ ಚಿಗುರುವ ವಯಸ್ಸಿನಲ್ಲೇ ಯಂತ್ರಕ್ಕೆ ಕೊಟ್ಟದ್ದಂತೆ. ಗೊತ್ತಾಗಿದ್ದ ಸಂಬಂಧ ಮುರಿದು, ಆಮೇಲೆ ಯಾರೂ ಹೆಣ್ಣು ಕೊಡಲಿಲ್ಲವಂತೆ. ಇದನ್ನೆಲ್ಲ ಅವನು ಹೇಳಲಿಲ್ಲ, ಚಹಾದಂಗಡಿಯ ಲಾಲ್ ಸಾಬ್ ಹೇಳಿದ.

ಮುಕರ್ರಂ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಕೈ ತೆಗಿಯೋದು ಕಷ್ಟಲ್ಲ ಯವ್ವಾ. ಕೈ ಕೆಳಗ ಅಂಗಿ ಇಲ್ಲಲ್ಲ, ಅದನ್ನ ಹುಟ್ಟಿಸಬೇಕು. ಪೈಲೇಕ ನಿನ್ನ ಬಳಿ ಸುತ್ತ ಬೇಲಿ ಹಾಕ್ತೀನಿ, ಒಂದೊಂದ ಗೂಟ ಹೊಡಕೋತ. ಬೇಲಿ ಕೂಡಿತಂದ್ರ ಒಳಗಿದ್ದದ್ದು ಎತ್ತಿ ಬಾಜೂಕಿಡೋದು.”

ಅವನ ಬಲಗೈಯ ಕೆಳಗೆ ಕರಿ ಆಮೆಯಂಥದೊಂದು ವಸ್ತು ಕೂತಿತ್ತು. ಬೆನ್ನಿನಲ್ಲಿ ನೀಲಿ ದೀಪ ಉಸಿರಾಡುವಂತೆ ಹೊತ್ತಿ ಆರುತ್ತಿತ್ತು. ಅದು ಮೌಸು, ಆದರೆ ಎಲ್ಲರ ಮೇಜಿನ ಮೇಲಿರುವಂಥದಲ್ಲ. ಆಟ ಆಡುವ ಹುಡುಗರು ಇಟ್ಟುಕೊಳ್ಳುವ ಗೇಮಿಂಗ್ ಮೌಸು. ವೈರಿಲ್ಲ. ಹೆಬ್ಬೆರಳು ಕೂರುವ ಕಡೆ ಮೆಕ್ಕೆಜೋಳದ ಕಾಳಿನಂತೆ ಸಾಲು ಗುಂಡಿ. ಬೇರೆಯವರು ಎಡಗೈಯಿಂದ ಕೀಬೋರ್ಡ್ ಒತ್ತಿ ಮಾಡುವ ಕೆಲಸವನ್ನೆಲ್ಲ ಅವನು ಆ ಗುಂಡಿಗಳಿಗೆ ಹಚ್ಚಿಕೊಟ್ಟಿದ್ದ. ಅಳಿಸಿದ್ದನ್ನು ಮರಳಿ ತರಲು ಒಂದು, ದೊಡ್ಡದು ಮಾಡಲು ಒಂದು, ಉಳಿಸಿಡಲು ಒಂದು. ಹೈದರಾಬಾದಿನಲ್ಲಿರುವ ಅವನ ಅಕ್ಕ ನಾಹಿದ್ ಯಾರೋ ಹುಡುಗ ಆಡಿ ಬೇಸತ್ತದ್ದನ್ನು ಇಸಿದುಕೊಂಡು ಕಳಿಸಿದ್ದಳು.

“ಇದ ನನ್ನ ಎಡಗೈ ಯವ್ವಾ” ಎಂದ ಮುಕರ್ರಂ. “ಬಲಗೈಯಾಗ ಹಿಡಕೋಬೇಕು, ಅಷ್ಟ.”

ಫೋಟೋವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಅವನು ಬೇಲಿ ಶುರು ಮಾಡಿದ. ಮೊಣಕೈಯಿಂದ ಇಳಿದು ಬಳೆಗಳ ಅಂಚಿಗೆ ಬರುವಷ್ಟರಲ್ಲಿ ಬೇಲಿ ತನ್ನಷ್ಟಕ್ಕೆ ಮುಚ್ಚಿಕೊಂಡಿತು. ಮತ್ತೆ ಶುರು ಮಾಡಿದ. ಮತ್ತೆ ಅರ್ಧಕ್ಕೇ ಮುಚ್ಚಿಕೊಂಡಿತು.

“ನೋಡವ್ವಾ, ಇದರದು ಇದ ಬೀಮಾರಿ. ಒಂದ ಸಲ ಒತ್ತಿದ್ರ ಎರಡ ಸಲ ಒತ್ತೀನಂತ ತಿಳಿತದ. ಎರಡ ಸಲ ಒತ್ತಿದ್ರ ಬೇಲಿ ಮುಚ್ಚು ಅಂತ ಅರ್ಥ. ದೊಡ್ಡ ಬ್ಯಾನರಕ್ಕ ನಡಿತದ, ಇಂಥ ನಾಜೂಕು ಕೆಲಸಕ್ಕ ನಡೆಯಂಗಿಲ್ಲ. ಮುಂದಿನ ವಾರ ಬಾ. ರಿಪೇರಿ ಮಾಡಿಸಿಟ್ಟಿರ್ತೀನಿ.”

ಮುಂದಿನ ವಾರ ಅವಳು ಬಂದಳು. ಕೈಬೀಸಿಕೊಂಡು ಬರಬಾರದೆಂದು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಳು. ಮೊಬೈಲ್ ರಿಪೇರಿಯ ಖಾಜಾ ಮೌಸಿನ ಹೊಟ್ಟೆ ಬಿಚ್ಚಿ, ಸ್ಪಿರಿಟ್ ಹಚ್ಚಿ ಒರೆಸಿ ಕೊಟ್ಟಿದ್ದ. ಮುಂಜಾನೆಯೆಲ್ಲ ಸರಿಯಿತ್ತಂತೆ, ಅವಳು ಬಂದು ಬೆಂಚಿನ ಮೇಲೆ ಕೂತ ಮೇಲೆ ಬೇಲಿ ಮತ್ತೆ ಮುಚ್ಚಿಕೊಂಡಿತು.

“ನಿನ್ನ ಕಂಡ್ರ ಅದಕ್ಕ ನಾಚಿಕಿ” ಎಂದ ಮುಕರ್ರಂ.

“ಮುದುಕೀನ ನೋಡಿ ಯಾವ ನಾಚಿಕಿಯಪ್ಪಾ. ಅದಕ್ಕ ಮಾಟ ಆಗಿರಬೇಕು, ನಿಂಬಿಹಣ್ಣು ಕಟ್ಟು.”

“ನಿಂಬಿಹಣ್ಣು ಕಟ್ಟಿದ್ರ ಶರಬತ್ತು ಆಗ್ತದ, ಮೌಸ್ ಆಗಂಗಿಲ್ಲ. ಕೂಡು, ಚಾ ಹೇಳ್ತೀನಿ.”

ಅದರ ಮುಂದಿನ ವಾರ ಮೌಸಿಗೆ ಇನ್ನೊಂದು ರೋಗ ಹತ್ತಿತು. ಬಾಣದ ಗುರುತು ಕಂಪ್ಯೂಟರಿನ ಪರದೆಯ ಮೇಲೆ ಮಿಡತೆಯಂತೆ ನೆಗೆಯತೊಡಗಿತು. ಕಂಪ್ಯೂಟರಿನ ಹಿಂಬದಿಗೆ ಚುಚ್ಚಿದ ಉಗುರಿನಷ್ಟು ಸಣ್ಣ ತುಂಡಿಗೂ ಮೌಸಿಗೂ ಮಾತು ಕೇಳಿಸುತ್ತಿಲ್ಲ ಎಂದು ಖಾಜಾ ಹೇಳಿದ. ಅದನ್ನು ತೆಗೆದು ಮುಂದಿನ ಮಗ್ಗುಲಿಗೆ ಚುಚ್ಚಿದ ಮೇಲೆ ನೆಗೆಯುವುದು ನಿಂತಿತು. ಎರಡು ಸಲ ಒತ್ತುವುದು ಮಾತ್ರ ಹೋಗಲಿಲ್ಲ. ಒಳಗಿನ ಗುಂಡಿಯೇ ಸವೆದಿದೆ, ಅದರ ಜೋಡಿ ಸಿಗುವುದಿಲ್ಲ ಎಂದು ಖಾಜಾ ಕೈತೊಳೆದುಕೊಂಡ.

ಹೀಗೆ ಬುಧವಾರ ಬಂತೆಂದರೆ ಮುದುಕಮ್ಮನಿಗೆ ಮಾನ್ವಿ. ದೇವದುರ್ಗದಲ್ಲಿ ಅವಳ ಜೊತೆ ಮಾತಾಡುವವರು ಇಲ್ಲವೆಂದಲ್ಲ. ಅವಳು ಬಡಿದು ಮಾರುವ ರೊಟ್ಟಿ ಒಯ್ಯಲು ಬಂದವರು “ಇಷ್ಟ ಕೊಡು” ಎನ್ನುತ್ತಿದ್ದರು, ಒಯ್ಯುತ್ತಿದ್ದರು. ನೀರು ಬಿಡಲು ಈಗ ಬೇರೊಬ್ಬ ಬರುತ್ತಿದ್ದ. ಅವನ ಚಾವಿಯ ಸದ್ದು ಕೇಳಿದ ದಿನ ಅವಳು ಮರೆತು ಎರಡು ಕಪ್ಪು ಚಹಾ ಸೋಸುತ್ತಿದ್ದಳು. ಎರಡನೆಯದು ಒಲೆಯ ದಂಡೆಯ ಮೇಲೆ ಕೆನೆಗಟ್ಟುತ್ತಿತ್ತು. ಮುಕರ್ರಮನ ಬೆಂಚಿನ ಮೇಲೆ ಕೂತರೆ ಹಾಗಾಗುತ್ತಿರಲಿಲ್ಲ. ಅವನೂ ಬಹಳ ಮಾತಿನವನಲ್ಲ. ಪರದೆಯ ಮೇಲೆ ಯಾರದೋ ಮೊಮ್ಮಗಳ ಹುಟ್ಟುಹಬ್ಬ, ಯಾರದೋ ಅಜ್ಜನ ಶ್ರದ್ಧಾಂಜಲಿ. “ಈ ಅಜ್ಜಗ ಯಾವ ಬಣ್ಣ ಹಾಕಲಿ ಯವ್ವಾ?” ಎಂದು ಕೇಳುತ್ತಿದ್ದ. “ಬದುಕಿದ್ದಾಗ ಬಿಳಿ ಉಟ್ಟಾನ, ಈಗಾರ ಒಂದೀಟು ನೀಲಿ ಹಾಕು” ಎಂದು ಅವಳು ಹೇಳುತ್ತಿದ್ದಳು. ಅವನು ನೀಲಿಯನ್ನೇ ಹಾಕುತ್ತಿದ್ದ. ಮಧ್ಯಾಹ್ನ ಇಬ್ಬರೂ ಒಂದೇ ಕಾಗದದ ಮೇಲೆ ರೊಟ್ಟಿ ಮುರಿದು ತಿನ್ನುತ್ತಿದ್ದರು.

ಮೌಸು ಸರಿಹೋದರೆ ಫೋಟೋ ಮುಗಿಯುತ್ತದೆ. ಫೋಟೋ ಮುಗಿದರೆ ಬುಧವಾರವೂ ಮುಗಿಯುತ್ತದೆ. ಇದು ಅವಳಿಗೆ ಗೊತ್ತಿತ್ತು. ಬೇಲಿ ಅರ್ಧಕ್ಕೇ ಮುಚ್ಚಿಕೊಂಡಾಗ ಅವನು ಹಲ್ಲು ಕಚ್ಚುತ್ತಿದ್ದ. ಅವಳ ಎದೆಯೊಳಗೆ ಏನೋ ಒಂದು ಹಗುರಾಗಿ ಕೂತುಕೊಳ್ಳುತ್ತಿತ್ತು.

ಆದರೆ ವರ್ಷದ ಎಡೆ ಹತ್ತಿರ ಬಂತು. ಹಂಪಯ್ಯ ದಿನಾ ಕೇಳತೊಡಗಿದ. ಅಷ್ಟೇ ಅಲ್ಲ, ಮುಕರ್ರಮನ ಗಿರಾಕಿಗಳೂ ಕಡಿಮೆಯಾಗುತ್ತಿದ್ದುದನ್ನು ಅವಳು ಬೆಂಚಿನ ಮೇಲೆ ಕೂತೇ ಕಂಡಳು. ಮದುವೆಯ ಬ್ಯಾನರಿಗೆ ಬಂದ ಒಬ್ಬ, ಹುಡುಗಿಯ ಕಿವಿಯ ಝುಮಕಿ ಅರ್ಧ ಕತ್ತರಿಸಿಹೋದದ್ದು ನೋಡಿ, “ಇರ್ಲಿ ಬಿಡ್ರಿ, ಬ್ಯಾರೆ ಕಡೆ ಮಾಡಿಸ್ತೀವಿ” ಎಂದು ಎದ್ದುಹೋದ. ಮುಕರ್ರಮನ ಎಡಗೈ ಜೇಬಿನಲ್ಲಿತ್ತು.

“ಆನ್‌ಲೈನ್ ತರಿಸ್ತಾರಂತಲ್ಲ, ತರಿಸು” ಎಂದಳು ಮುದುಕಮ್ಮ.

“ಒಮ್ಮಿ ತರಿಸಿದ್ದೆ. ಚಿತ್ರದಾಗ ಛಲೋ ಇತ್ತು, ಕೈಯಾಗ ಹಿಡಿದ್ರ ಹೆಬ್ಬೆರಳು ಗುಂಡಿಗೆ ಮುಟ್ಟಲೇ ಇಲ್ಲ. ಕಾಲಿಗೆ ಹಾಕ್ಕೊಂಡು ನೋಡದ ಚಪ್ಪಲಿ ತರಬಾರ್ದು, ಕೈಯಾಗ ಹಿಡಿಯದ ಮೌಸ್ ತರಬಾರ್ದು. ರಾಯಚೂರಿಗೆ ಹೋಗಬೇಕು.”

“ಹೋಗು ಮತ್ತ.”

ಅವನು ಹೋಗಲಿಲ್ಲ. ಮುಂದಿನ ವಾರವೂ ಹೋಗಿರಲಿಲ್ಲ. ಆ ಊರಿಗೆ ಹೋಗುವುದೆಂದರೆ ಅವನಿಗೆ ಮಿಲ್ಲಿನ ಸದ್ದಿನೊಳಗೆ ಹೋದಂತೆ ಎಂದು ಲಾಲ್ ಸಾಬ್ ಹೇಳಿದ. “ಯಾರರ ಜೋಡಿ ಇದ್ರ ಹೋದಾನು.”

ಮುದುಕಮ್ಮ ರೊಟ್ಟಿಯ ಗಂಟನ್ನು ಬಿಚ್ಚಲೇ ಇಲ್ಲ. “ಏಳಪ್ಪಾ, ಅಂಗಡಿಗೆ ಕೀಲಿ ಹಾಕು. ರೊಟ್ಟಿ ಬಸ್ಸಿನಾಗ ತಿನ್ನೂಣು” ಎಂದಳು. ಬಾಯಿಂದ ಮಾತು ಹೊರಗೆ ಬಿದ್ದ ಮೇಲೆ, ತನ್ನ ಬುಧವಾರಗಳಿಗೆ ತಾನೇ ಕೀಲಿ ಹಾಕುತ್ತಿದ್ದೇನೆ ಅನ್ನಿಸಿತು. ಆದರೂ ಎದ್ದಳು.

ಬಸ್ಸು ಕಲ್ಲೂರು ದಾಟುವಾಗ ಅವಳು ಕಿಟಕಿಯತ್ತ ವಾಲಿದಳು. “ಅಲ್ಲಿ, ಆ ಬೇವಿನಗಿಡದ ಹಿಂದ ಚಪ್ಪರ ಹಾಕಿದ್ರು” ಎಂದಳು. ಮುಕರ್ರಮನೂ ಬಗ್ಗಿ ನೋಡಿದ. ಬೇವಿನ ಗಿಡದ ಹಿಂದೆ ಈಗ ಯಾರದೋ ಟ್ರ್ಯಾಕ್ಟರ್ ನಿಂತಿತ್ತು.

ರಾಯಚೂರಿನ ಅಂಗಡಿಯಲ್ಲಿ ಗಾಜಿನ ಕಪಾಟಿನ ತುಂಬ ಮೌಸುಗಳು, ಕೆಂಪು, ಹಸಿರು, ನೇರಳೆ ದೀಪ ಹೊತ್ತಿಸಿಕೊಂಡು ಕೂತಿದ್ದವು. ಅಂಗಡಿಯ ಅಂಜಿನೇಯ ಮಾತಿನ ಮಲ್ಲ.

“ಯಾವ ಗೇಮ್ ಆಡ್ತೀರಿ ಸಾಹೇಬ್ರ?”

“ಗೇಮ್ ಇಲ್ಲ. ಡಿಸೈನ್ ಕೆಲಸ.”

“ಮತ್ತ ಗೇಮಿಂಗ್ ಮೌಸ್ ಯಾಕ್ರೀ? ಸಾದಾ ತಗೋರ್ರಿ. ಇಲ್ಲಂದ್ರ ಮನಿಯಾಗ ಮೊಮ್ಮಕ್ಕಳಿಗೇನು? ಅಮ್ಮೋರ್ ಆಡ್ತಾರೇನು?”

“ಹೂನಪ್ಪಾ, ನಾ ರೊಟ್ಟಿ ಬಡದು ಬ್ಯಾಸರಾದಾಗ ಆಡ್ತೀನಿ” ಎಂದಳು ಮುದುಕಮ್ಮ.

ಅಂಜಿನೇಯ ನಕ್ಕು, ತೆಳ್ಳನೆಯ ಮೌಸೊಂದನ್ನು ಮುಂದಿಟ್ಟ. ಮುಕರ್ರಂ ಹಿಡಿದು ನೋಡಿದ. ಹಗುರಾಗಿತ್ತು, ಮೇಜಿನ ಮೇಲೆ ಬೆಣ್ಣೆಯಂತೆ ಜಾರುತ್ತಿತ್ತು. ಅಂಗಡಿಯ ಕಂಪ್ಯೂಟರಿನಲ್ಲಿ ಒತ್ತಿ ನೋಡಿದ. ಒಂದು ಒತ್ತಿಗೆ ಒಂದೇ. ಆದರೆ ಪಕ್ಕದಲ್ಲಿ ಗುಂಡಿ ಎರಡೇ ಇದ್ದವು.

“ಬಾಜೂಕ ಗುಂಡಿ ಹೆಚ್ಚಿಗಿರೋದು ಇಲ್ಲೇನ್ರೀ?”

“ಅದ್ಯಾಕ್ ಸಾಹೇಬ್ರ? ಅದು ದೊಡ್ಡ ಆಟ ಆಡೋರಿಗೆ. ನಿಮ್ಮ ಕೆಲಸಕ್ಕ ಬಲಗೈಯಾಗ ಮೌಸ್, ಎಡಗೈ ಕೀಬೋರ್ಡ್ ಮ್ಯಾಲ. ಎಲ್ಲಾರೂ ಹಂಗ ಮಾಡ್ತಾರ. ಇದನ್ನ ಒಯ್ಯಿರಿ, ಚಾರ್ಜ್ ಮಾಡಿದ್ರ ವಾರಗಟ್ಲೆ ಬರ್ತದ.”

ಮುಕರ್ರಂ ಸುತ್ತ ನೋಡಿದ. ಅಂಗಡಿಯಲ್ಲಿ ಇನ್ನೂ ಮಂದಿ ನಿಂತಿದ್ದರು. ಎಡಗೈ ಜೇಬಿನೊಳಗೆ ಮುಷ್ಟಿಯಾದದ್ದು ಬಟ್ಟೆಯ ಮೇಲಿಂದಲೇ ಮುದುಕಮ್ಮನಿಗೆ ಕಂಡಿತು. “ಆತು, ಇದನ್ನ ಕಟ್ಟಿಕೊಡ್ರಿ” ಎಂದ.

ಅವಳು ಸುಮ್ಮನಿದ್ದರೆ ಸಾಕಿತ್ತು. ಆ ಮೌಸು ಮಾನ್ವಿಗೆ ಬರುತ್ತಿತ್ತು, ಬಳೆಗಳ ಅಂಚಿನಲ್ಲಿ ಅವನ ಎರಡು ಬೆರಳು ಕೀಬೋರ್ಡಿನ ಮೇಲೆ ತಡವರಿಸುತ್ತಿದ್ದವು, ಫೋಟೋ ಮತ್ತೊಂದು ವಾರಕ್ಕೆ, ಅದರ ಮತ್ತೊಂದು ವಾರಕ್ಕೆ ಹೋಗುತ್ತಿತ್ತು. ಅವಳು ಬೆಂಚಿನ ಮೇಲೆ ಕೂತಿರುತ್ತಿದ್ದಳು. ಝುಮಕಿ ಕತ್ತರಿಸಿದ ಬ್ಯಾನರು ನೋಡಿ ಎದ್ದುಹೋದವನ ಬೆನ್ನು ಅವಳ ಕಣ್ಣ ಮುಂದೆ ಬಂತು.

“ಯಪ್ಪಾ, ಕೈ ತೋರ್ಸು” ಎಂದಳು.

ಮುಕರ್ರಂ ಅವಳತ್ತ ತಿರುಗಲಿಲ್ಲ.

“ವೈದ್ಯನ ಮುಂದ ಗಾಯ ಮುಚ್ಚಿಟ್ಟು ಮಲಾಮು ಕೇಳಿದ್ರ ಏನು ಕೊಟ್ಟಾನು? ತೋರ್ಸು.”

ಅವನು ನಿಧಾನವಾಗಿ ಕೈ ಹೊರಗೆ ತೆಗೆದು ಗಾಜಿನ ಮೇಲಿಟ್ಟ. ಕೆಳಗಿನ ನೇರಳೆ ಬೆಳಕು ಬೆರಳಿಲ್ಲದ ಸಂದಿನಿಂದ ಮೇಲೆ ಬಂತು. ಪಕ್ಕದಲ್ಲಿದ್ದವರು ಮೊಬೈಲು ನೋಡತೊಡಗಿದರು.

“ತಡೀರಿ ಅಣ್ಣಾರ” ಎಂದು ಅಂಜಿನೇಯ ಒಳಗೆ ಹೋದ. ಡಬ್ಬಿಗಳನ್ನು ಎಳೆದಾಡಿದ ಸದ್ದಾಯಿತು. ಧೂಳು ಹಿಡಿದ ಡಬ್ಬಿಯೊಂದನ್ನು ತನ್ನ ಅಂಗಿಗೇ ಒರೆಸಿಕೊಂಡು ತಂದ. “ಇದು ಹಳೇ ಸ್ಟಾಕು. ದೀಪ ಇಲ್ಲ ಅಂತ ಯಾರೂ ಒಯ್ಯಲಿಲ್ಲ. ಗುಂಡಿ ಬೇಕಾದಷ್ಟು ಅದಾವು. ಚಾರ್ಜ್ ಇಲ್ಲ, ಸೆಲ್ ಹಾಕಬೇಕು.”

“ಸೆಲ್ ಇದ್ರ ಛಲೋನ ಆತು. ನಮ್ಮಲ್ಲಿ ಕರೆಂಟ್ ನಂಬಂಗಿಲ್ಲ” ಎಂದ ಮುಕರ್ರಂ. ಹೆಬ್ಬೆರಳಿಂದ ಒಂದೊಂದೇ ಗುಂಡಿ ಮುಟ್ಟಿದ. ಎಲ್ಲವೂ ಸಿಕ್ಕವು. ತೂಕ ಸ್ವಲ್ಪ ಹೆಚ್ಚೇ. ಮೇಲಿನ ಗುಂಡಿ ಒತ್ತಿ, ಕಿವಿ ಕೊಟ್ಟು ಕೇಳಿ, ಪರದೆ ನೋಡಿ, ಮುದುಕಮ್ಮನ ಕಡೆ ತಿರುಗಿದ. “ಒಂದೇ ಸಲ ಅಂತದ ಯವ್ವಾ.”

“ಹಂಗಾದ್ರ ತಗೋ” ಎಂದಳು. ವಾಪಸು ಬರುವಾಗ ಡಬ್ಬಿ ಅವಳ ಮಡಿಲಲ್ಲಿತ್ತು. ಕಲ್ಲೂರು ಬಂದಾಗ ಅವಳು ಕಿಟಕಿಯತ್ತ ನೋಡಲಿಲ್ಲ.

ಮರುವಾರ ಬೇಲಿ ಕೂಡಿತು. ಮೊಣಕೈಯಿಂದ ಬೆರಳ ತುದಿಯವರೆಗೆ, ಬಳೆ ಬಳೆಯ ಅಂಚು ಹಿಡಿದು, ಎಲ್ಲೂ ಮುರಿಯದೆ. ಒಂದು ಸಲ ಒತ್ತಿದ, ಕೈ ಎದ್ದುಹೋಯಿತು. ಗದ್ದೆಪ್ಪನ ತೋಳಿನ ಮೇಲೆ ಕೈಯಾಕಾರದ ಬಿಳಿ ತೂತು. ಆಮೇಲೆ ಮುಕರ್ರಂ ಅಂಗಿ ನೇಯತೊಡಗಿದ. ಆಚೆಯ ತೋಳಿನಿಂದ ಚೂರು ಚೂರು ಬಟ್ಟೆ ತಂದು, ಗೆರೆಗೆ ಗೆರೆ ಕೂಡಿಸಿ, ಮಡಿಕೆಗೆ ನೆರಳು ಹಚ್ಚಿ. ಸಂಜೆಯ ಹೊತ್ತಿಗೆ ಗದ್ದೆಪ್ಪ ಒಬ್ಬನೇ ನಿಂತಿದ್ದ. ಮೀಸೆಯ ಕೆಳಗೆ ನಗು ಹಾಗೇ ಇತ್ತು. ಯಾಕೆ ನಗುತ್ತಿದ್ದಾನೆಂದು ಈಗ ನೋಡಿದವರಿಗೆ ತಿಳಿಯುವಂತಿರಲಿಲ್ಲ.

ಹಂಪಯ್ಯ ಮೊಳೆ ಹೊಡೆದ. ಎಡೆಗೆ ಬಂದವರು “ಫೋಟೋ ಭಾಳ ಛಲೋ ಬಂದದ” ಎಂದರು. ಮುಂದಿನ ಬುಧವಾರ ಮುದುಕಮ್ಮ ರೊಟ್ಟಿ ಬಡಿದು, ಬಟ್ಟೆಯಲ್ಲಿ ಕಟ್ಟಿ, ಆಮೇಲೆ ಬಿಚ್ಚಿ ಬುಟ್ಟಿಗೇ ಹಾಕಿದಳು. ಯಾವ ನೆಪ ಹೇಳಿ ಹೋಗುವುದು? ಅದರ ಮುಂದಿನ ಬುಧವಾರವೂ ಹಾಗೇ ಆಯಿತು.

ಬೇಸಿಗೆ ಶುರುವಾದಾಗ ಲಾಲ್ ಸಾಬ್ ಯಾರದೋ ಕೈಯಲ್ಲಿ ಹೇಳಿಕಳಿಸಿದ. ರಸ್ತೆ ಅಗಲ ಮಾಡುವವರು ಅಂಗಡಿಗಳ ಸಾಲಿಗೆಲ್ಲ ಕೆಂಪು ಗುರುತು ಹಾಕಿದ್ದಾರೆ, ಮುಕರ್ರಂ ಅಕ್ಕನ ಊರಿಗೆ ಹೊರಟಿದ್ದಾನೆ ಎಂದು.

ಅವಳು ಹೋದಾಗ ಪರದೆಯ ಹಿಂದಿನ ಮಂಚ ಬಿಚ್ಚಿ ಗೋಡೆಗೆ ಆನಿಸಿತ್ತು. ಸ್ಟೌವು ಚೀಲದಲ್ಲಿತ್ತು. ಕಂಪ್ಯೂಟರು ಮಾತ್ರ ಇನ್ನೂ ಮೇಜಿನ ಮೇಲಿತ್ತು. ಮುಕರ್ರಂ ಮೊಬೈಲಿನಲ್ಲಿ “ಹೌ ಆಪಾ, ಕಲ್ ಆತೌಂ” ಎಂದು ನಾಳೆ ಬರುವ ಸುದ್ದಿ ಅಕ್ಕನಿಗೆ ಹೇಳಿ ಇಟ್ಟ.

“ಹೈದರಾಬಾದಿನಾಗ ಒಂದು ಪ್ರೆಸ್ಸಿನಾಗ ಕೆಲಸ ಅದಂತ ಯವ್ವಾ. ನನ್ನ ಮೌಸ್ ನಾನೇ ತರ್ತೀನಂತ ಹೇಳೀನಿ.”

“ಅಲ್ಲಿತನಕ ನಮ್ಮ ಪುಕ್ಕಟೆ ಬಸ್ಸು ಬರಂಗಿಲ್ಲ” ಎಂದಳು ಮುದುಕಮ್ಮ. ರೊಟ್ಟಿಯ ಗಂಟು ಬೆಂಚಿನ ಮೇಲಿಟ್ಟಳು. “ಇಷ್ಟು ದಿನ ಯಾಕ ಬರಲಿಲ್ಲಂತ ಕೇಳಬ್ಯಾಡ.”

“ಕೇಳಂಗಿಲ್ಲ. ಬುಧವಾರ ಚಾ ಮಾತ್ರ ಎರಡು ಹೇಳ್ತಿದ್ದೆ. ಲಾಲ್ ಸಾಬ್ ಬೈತಿದ್ದ.”

ಅವಳು ಸೆರಗಿನಿಂದ ಬೆಂಚು ಒರೆಸಿದಳು, ಧೂಳೇನೂ ಇರಲಿಲ್ಲ.

ಅವನು ಮೌಸು ಆಡಿಸಿ ಪರದೆಯ ಮೇಲೆ ಏನೋ ತೆರೆದ. ಬಿಳಿಯ ಬಯಲಿನ ನಡುವೆ ಒಂದು ಕೈ, ಹಸಿರು ಬಳೆ ತುಂಬಿಕೊಂಡು, ಏನನ್ನೂ ಹಿಡಿಯದೆ ಹಿಡಿದುಕೊಂಡಿತ್ತು.

“ಬಿಸಾಕಿಲ್ಲ ಯವ್ವಾ. ಬಾಜೂಕಿಟ್ಟಿದ್ದೆ. ಎಷ್ಟು ಮಂದಿ ಫೋಟೋ ಮಾಡೀನಿ, ನನ್ನ ಬಾಜೂಕ ಯಾರರ ನಿಂತದ್ದು ಒಂದೂ ಇಲ್ಲ. ಅಲ್ಲಿ ಗ್ವಾಡಿಗೆ ಹಚ್ಚಾಕ ಒಂದು ಬೇಕು. ಈ ಕೈ ನನ್ನ ತೋಳಿಗೆ ಹಚ್ಚಿಕೊಳ್ಳಲೇನು?”

ಮುದುಕಮ್ಮ ಆ ಕೈಯನ್ನು ಕಣ್ತುಂಬ ನೋಡಿದಳು.

“ಅದು ಬ್ಯಾಡಪ್ಪಾ. ಅದು ಗದ್ದೆಪ್ಪನ್ನ ಹಿಡಿದ ಕೈ” ಎಂದಳು. ಆಮೇಲೆ ಸೆರಗಿನೊಳಗಿಂದ ತನ್ನ ಕೈ ಹೊರಗೆ ತೆಗೆದಳು. “ಈ ಕೈ ಇಲ್ಲೇ ಅದ. ಬರಿಗೈ. ನಡಿತದೇನು?”

ಮುಕರ್ರಂ ಪಾಸ್‌ಪೋರ್ಟ್ ಫೋಟೋಕ್ಕೆಂದು ಕಂಪ್ಯೂಟರಿನ ನೆತ್ತಿಯ ಮೇಲೆ ಕೂರಿಸಿದ್ದ ಸಣ್ಣ ಕ್ಯಾಮೆರಾವನ್ನು ಗೋಡೆಯತ್ತ ತಿರುಗಿಸಿ, ಬಾಣವನ್ನು ಫೋಟೋ ತೆಗೆಯುವ ಗುರುತಿನ ಮೇಲೆ ನಿಲ್ಲಿಸಿ, ಮೌಸನ್ನು ಕೈಗೆ ಎತ್ತಿಕೊಂಡ. ಇಬ್ಬರೂ ಗೋಡೆಗೆ ಬೆನ್ನು ಮಾಡಿ ನಿಂತರು. ಅವನ ಎಡಗೈ ಜೇಬಿನಲ್ಲಿರಲಿಲ್ಲ. ಹೊರಗೆ, ಬೆಳಕಿಗೆ ಇಳಿಬಿದ್ದಿತ್ತು. ಇಬ್ಬರ ನಡುವೆ ಎತ್ತಿನ ಬಂಡಿ ಹೋಗುವಷ್ಟು ಜಾಗವಿತ್ತು. ಯಾರೂ ಹೇಳದೆಯೇ ಮುದುಕಮ್ಮ ಹತ್ತಿರ ಸರಿದು ಬಲಗೈಯಿಂದ ಅವನ ತೋಳು ಹಿಡಿದಳು.

ಅವನು ಮೌಸನ್ನು ಅವಳ ಎಡಗೈಗೆ ಕೊಟ್ಟ. ಅವಳು ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು, ಅವನ ಅಂಗೈಯಿಂದ ಬೆಚ್ಚಗಾಗಿತ್ತು.

“ವೈರಿಲ್ಲ, ಇಲ್ಲಿಂದನ ಕೇಳ್ತದ ಅದಕ್ಕ” ಎಂದ ಮುಕರ್ರಂ, ಕ್ಯಾಮೆರಾದ ಕಡೆಯಿಂದ ಕಣ್ಣು ತೆಗೆಯದೆ. “ಸೆರಗಿನ ಮರಿಯಾಗ ಹಿಡಕೋ. ನಾ ಹೂಂ ಅಂದ ಮ್ಯಾಲ ಒತ್ತು ಯವ್ವಾ. ಒಂದೇ ಸಲ.”